ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದರೆ ವಿಮಾನ ಟಿಕೆಟ್ ಅಗ್ಗವೇ? ಫಾರ್ವರ್ಡ್‌ಗಳು ಹೇಳುವುದೇನು, ನಿಜ ಏನು?

ದಸರಾ ರಜೆ ಹತ್ತಿರ ಬಂದರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. "ವಿಮಾನ ಟಿಕೆಟ್ ಬುಕ್ ಮಾಡುವವರು ತಪ್ಪದೇ ಓದಿ. ಮಂಗಳವಾರ ರಾತ್ರಿ 12ರ ಮೇಲೆ ಬುಕ್ ಮಾಡಿ, ಅರ್ಧ ದುಡ್ಡು ಉಳಿಯುತ್ತದೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ತೆರೆಯದೇ ಹುಡುಕಿದರೆ ಕಂಪನಿಯವರು ದರ ಏರಿಸುತ್ತಾರೆ. ಹತ್ತು ಜನರಿಗೆ ಕಳಿಸಿ." ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ವಾರ್ಷಿಕೋತ್ಸವದ ಪ್ರಯುಕ್ತ ಉಚಿತ ಟಿಕೆಟ್, ಈ ಲಿಂಕ್ ಒತ್ತಿ."

ಮೊದಲ ಸಂದೇಶ ನಂಬಿದರೆ ನಿಮ್ಮ ನಿದ್ದೆ ಹಾಳು, ಅಷ್ಟೇ. ಎರಡನೆಯದನ್ನು ನಂಬಿದರೆ ಬ್ಯಾಂಕ್ ಖಾತೆಯೇ ಖಾಲಿಯಾಗಬಹುದು. ಆದ್ದರಿಂದ ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು, ನಿಜಕ್ಕೂ ದುಡ್ಡು ಉಳಿಸುವ ದಾರಿ ಯಾವುದು ಎಂದು ನಾವಿಲ್ಲಿ ಒಂದೊಂದಾಗಿ ನೋಡಿದ್ದೇವೆ. ಉದಾಹರಣೆಗಳೆಲ್ಲ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯವು. ಯಾಕೆಂದರೆ ಇಲ್ಲಿಂದ ಹಾರುವವರ ಲೆಕ್ಕದಲ್ಲಿ ಟಿಕೆಟ್ ದರದ ಜೊತೆಗೆ ಇನ್ನೊಂದು ದೊಡ್ಡ ಖರ್ಚು ಇದೆ. ಅದು ದೇವನಹಳ್ಳಿ ತಲುಪುವ ಖರ್ಚು.

ಚುಟುಕಾಗಿ ಹೇಳುವುದಾದರೆ

• ಬುಕ್ ಮಾಡುವ ವಾರ, ಗಳಿಗೆ ಮುಖ್ಯವಲ್ಲ. ಹಾರುವ ದಿನ ಮತ್ತು ಹೊತ್ತು ಮುಖ್ಯ.
• ಇನ್‌ಕಾಗ್ನಿಟೊದಿಂದ ದರ ಇಳಿಯುವುದಿಲ್ಲ. ದರ ಏರುವುದು ಅಗ್ಗದ ಸೀಟುಗಳು ಮುಗಿಯುವುದರಿಂದ.
• ಕೊನೇ ಗಳಿಗೆಯಲ್ಲಿ ಅಗ್ಗ ಎಂಬುದು ನಮ್ಮ ದೇಶದ ವಿಮಾನಗಳ ಮಟ್ಟಿಗೆ ಬಹುತೇಕ ಉಲ್ಟಾ.
• ಉಚಿತ ಟಿಕೆಟ್ ಕೊಡುತ್ತೇವೆ, ಹತ್ತು ಜನರಿಗೆ ಕಳಿಸಿ ಎನ್ನುವ ಲಿಂಕ್ ಮೋಸವೆಂದೇ ತಿಳಿಯಿರಿ.

ಒಂದೇ ವಿಮಾನ, ಪಕ್ಕದ ಸೀಟು, ಬೇರೆ ಬೇರೆ ದರ ಯಾಕೆ?

ಬಸ್ಸಿನಲ್ಲಿ ಊರಿಂದೂರಿಗೆ ಇಷ್ಟು ಎಂದು ದರ ಇರುತ್ತದೆ. ವಿಮಾನದಲ್ಲಿ ಹಾಗಲ್ಲ. 180 ಸೀಟಿನ ವಿಮಾನ ಎಂದಿಟ್ಟುಕೊಳ್ಳಿ. ಕಂಪನಿ ಆ ಸೀಟುಗಳನ್ನು ಮೊದಲೇ ಹಲವು ದರದ ಗುಂಪುಗಳಾಗಿ ವಿಂಗಡಿಸಿರುತ್ತದೆ. ಕೆಲವು ಸೀಟು ತೀರಾ ಕಡಿಮೆ ದರಕ್ಕೆ, ಕೆಲವು ಅದಕ್ಕಿಂತ ತುಸು ಹೆಚ್ಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಕೆಳಗಿನ ಮೆಟ್ಟಿಲಿನ ಸೀಟು ಮುಗಿದರೆ ಮುಂದೆ ಬಂದವರಿಗೆ ಮೇಲಿನ ಮೆಟ್ಟಿಲಿನ ದರ. ಸೀಟು ನಿರೀಕ್ಷೆಯಷ್ಟು ಹೋಗದಿದ್ದರೆ ಕೆಳಗಿನ ಮೆಟ್ಟಿಲನ್ನು ಮತ್ತೆ ತೆರೆಯುವುದೂ ಉಂಟು.

ಇದರ ಹಿಂದಿನ ಲೆಕ್ಕ ಹೊಸದೇನಲ್ಲ. ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ 1972ರಲ್ಲೇ ಒಂದು ಸೂತ್ರ ಕೊಟ್ಟಿದ್ದರು. ಈಗ ಅಗ್ಗಕ್ಕೆ ಕೇಳುತ್ತಿರುವವರಿಗೆ ಸೀಟು ಮಾರಬೇಕೋ, ಮುಂದೆ ಹೆಚ್ಚು ಕೊಡುವವರು ಬರಬಹುದೆಂದು ಅದನ್ನು ಉಳಿಸಿಕೊಳ್ಳಬೇಕೋ ಎಂಬುದನ್ನು ನಿರ್ಧರಿಸುವ ಸೂತ್ರ ಅದು. ಇಂದು ಅದೇ ಕೆಲಸವನ್ನು ಕಂಪ್ಯೂಟರ್‌ಗಳು ಬಿಡುವಿಲ್ಲದೆ ಮಾಡುತ್ತವೆ.

ಕನ್ನಡಿಗರಿಗೆ ಇದರ ಒಳ್ಳೆಯ ಉದಾಹರಣೆ ಏರ್ ಡೆಕ್ಕನ್. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಕಟ್ಟಿದ ಈ ಸಂಸ್ಥೆ 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿತು. ಅದರ ಒಂದು ರೂಪಾಯಿ ಟಿಕೆಟ್ ದೇಶದಲ್ಲೆಲ್ಲ ಮನೆಮಾತಾಯಿತು. ಹಾಗೆಂದು ಇಡೀ ವಿಮಾನ ಒಂದು ರೂಪಾಯಿಗೆ ಹಾರುತ್ತಿರಲಿಲ್ಲ. ಆ ದರಕ್ಕೆ ಕೆಲವೇ ಸೀಟುಗಳಿದ್ದವು, ತೆರಿಗೆ ಮತ್ತು ಶುಲ್ಕ ಬೇರೆ. ಮೊದಲು ಬಂದವರಿಗೆ ಸಿಕ್ಕಿತು, ತಡವಾಗಿ ಬಂದವರು ಸಾವಿರಗಟ್ಟಲೆ ಕೊಟ್ಟರು. ಇಂದಿನ 'ಫ್ಲ್ಯಾಶ್ ಸೇಲ್'ಗಳೂ ನಡೆಯುವುದು ಹೀಗೆಯೇ. ಜಾಹೀರಾತಿನಲ್ಲಿ ಕಾಣುವುದು ಕೆಳಗಿನ ಮೆಟ್ಟಿಲು ಮಾತ್ರ.

ಸರ್ಕಾರ ದರ ನಿಗದಿ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಮಾನ್ಯ ದಿನಗಳಲ್ಲಿ ದರ ಹಾಕುವುದು ವಿಮಾನ ಸಂಸ್ಥೆಗಳೇ. ಕೋವಿಡ್ ಸಮಯದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ, ಕೇಂದ್ರ ಸರ್ಕಾರ ದರಕ್ಕೆ ಮಿತಿ ಹಾಕಿತ್ತು. 2025ರ ಡಿಸೆಂಬರ್‌ನಲ್ಲಿ ಭಾರಿ ಸಂಖ್ಯೆಯಲ್ಲಿ ವಿಮಾನಗಳು ರದ್ದಾಗಿ ದರ ಗಗನಕ್ಕೇರಿದಾಗಲೂ ದೂರಕ್ಕೆ ತಕ್ಕಂತೆ ತಾತ್ಕಾಲಿಕ ಮಿತಿ ಹಾಕಿತು. ಅವೆರಡೂ ವಿಶೇಷ ಸಂದರ್ಭಗಳು.

ಫಾರ್ವರ್ಡ್ 1: "ಇನ್‌ಕಾಗ್ನಿಟೊದಲ್ಲಿ ಹುಡುಕಿ, ಇಲ್ಲದಿದ್ದರೆ ದರ ಏರಿಸುತ್ತಾರೆ"

ಈ ನಂಬಿಕೆ ಹುಟ್ಟಲು ಕಾರಣವಿದೆ. ಬೆಳಿಗ್ಗೆ ನೋಡಿದಾಗ ಒಂದು ದರ ಇತ್ತು, ಮನೆಯವರನ್ನು ಕೇಳಿ ಸಂಜೆ ನೋಡಿದರೆ ಏಳುನೂರು ಜಾಸ್ತಿ. ನಾವು ಹುಡುಕಿದ್ದು ಅವರಿಗೆ ಗೊತ್ತಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಬೆಳಿಗ್ಗೆಯಿಂದ ಸಂಜೆಯೊಳಗೆ ಕೆಳಗಿನ ಮೆಟ್ಟಿಲಿನ ಸೀಟುಗಳನ್ನು ಬೇರೆಯವರು ಕೊಂಡಿರಬಹುದು. ಇನ್ನೊಂದು ಕಾರಣವೂ ಇದೆ. ದರ ಹೋಲಿಸುವ ತಾಣಗಳು ಕೆಲವೊಮ್ಮೆ ಸ್ವಲ್ಪ ಹೊತ್ತಿನ ಹಿಂದೆ ತಂದಿಟ್ಟುಕೊಂಡ ದರವನ್ನೇ ತೋರಿಸುತ್ತವೆ. ನೀವು ಒತ್ತಿ ಮುಂದಿನ ಪುಟಕ್ಕೆ ಹೋದಾಗ ಈಗಿನ ದರ ಕಾಣುತ್ತದೆ. "ದರ ಬದಲಾಗಿದೆ" ಎಂಬ ಸಂದೇಶ ಬರುವುದು ಹೀಗೆ.

ಅನುಮಾನ ಇದ್ದರೆ ನೀವೇ ಪರೀಕ್ಷೆ ಮಾಡಿ. ನಿಮ್ಮ ಫೋನಿನಲ್ಲಿ ಒಂದು ವಿಮಾನವನ್ನು ಐದಾರು ಸಲ ಹುಡುಕಿ. ಅದನ್ನು ಒಮ್ಮೆಯೂ ಹುಡುಕದ ಮನೆಯವರ ಫೋನಿನಲ್ಲಿ ಅದೇ ತಾಣ, ಅದೇ ವಿಮಾನ, ಅದೇ ಕ್ಷಣಕ್ಕೆ ನೋಡಿ. ಲಾಗಿನ್ ಮಾಡಿದವರಿಗೆ ಕೊಡುವ ಕೂಪನ್, ಕಾರ್ಡ್ ಆಫರ್ ಬಿಟ್ಟರೆ ಮೂಲ ದರ ಸಾಮಾನ್ಯವಾಗಿ ಒಂದೇ ಇರುತ್ತದೆ. ಇನ್‌ಕಾಗ್ನಿಟೊ ಬಳಸಿದರೆ ನಷ್ಟವೇನೂ ಇಲ್ಲ, ಅದರಿಂದ ಅಗ್ಗವೂ ಆಗುವುದಿಲ್ಲ.

ಫಾರ್ವರ್ಡ್ 2: "ಮಂಗಳವಾರ ಮಧ್ಯರಾತ್ರಿಯ ಗುಟ್ಟು"

ಇದು ಅಮೆರಿಕದಿಂದ ಬಂದ ಹಳೇ ಮಾತು. ಅಲ್ಲಿ ಒಂದು ಕಾಲಕ್ಕೆ ವಿಮಾನ ಕಂಪನಿಗಳು ವಾರದ ಆರಂಭದಲ್ಲಿ ರಿಯಾಯಿತಿ ಪ್ರಕಟಿಸುತ್ತಿದ್ದವು, ಪೈಪೋಟಿಯ ಕಂಪನಿಗಳು ಅದನ್ನು ನೋಡಿ ಮಂಗಳವಾರದ ಹೊತ್ತಿಗೆ ತಾವೂ ಇಳಿಸುತ್ತಿದ್ದವು. ಈಗ ದರಗಳು ದಿನಕ್ಕೆ ಹಲವು ಸಲ ಬದಲಾಗುತ್ತವೆ. ಮಧ್ಯರಾತ್ರಿ ಅಲಾರಂ ಇಟ್ಟು ಏಳುವ ಅಗತ್ಯವಿಲ್ಲ.

ಈ ಮಾತಿನಲ್ಲಿ ಅರ್ಧ ಸತ್ಯವೊಂದು ಅಡಗಿದೆ. ಮಂಗಳವಾರ ಬುಕ್ ಮಾಡುವುದರಿಂದಲ್ಲ, ಮಂಗಳವಾರ ಅಥವಾ ಬುಧವಾರ ಹಾರುವುದರಿಂದ ದುಡ್ಡು ಉಳಿಯಬಹುದು. ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಡುವ, ಭಾನುವಾರ ರಾತ್ರಿ ವಾಪಸಾಗುವ ವಿಮಾನಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಬಿಟಿಎಂ ಲೇಔಟಿನ ಪಿಜಿಗಳಿಂದ ವಾರಾಂತ್ಯಕ್ಕೆ ಊರಿಗೆ ಹೊರಡುವವರನ್ನು ನೆನಪಿಸಿಕೊಳ್ಳಿ. ವಾರದ ನಡುವೆ ಆ ನೂಕುನುಗ್ಗಲು ಇರುವುದಿಲ್ಲ.

ಫಾರ್ವರ್ಡ್ 3: "ಕೊನೇ ಗಳಿಗೆಯಲ್ಲಿ ಖಾಲಿ ಸೀಟು ಅಗ್ಗಕ್ಕೆ ಮಾರುತ್ತಾರೆ"

ಸಂಜೆ ಗಾಂಧಿ ಬಜಾರ್‌ನಲ್ಲಿ ಉಳಿದ ಹೂವು, ಸೊಪ್ಪು ಕಡಿಮೆಗೆ ಸಿಗುತ್ತದಲ್ಲ, ವಿಮಾನದಲ್ಲೂ ಹಾಗೇ ಎಂಬುದು ಈ ನಂಬಿಕೆಯ ಬೇರು. ಆದರೆ ಕೊನೇ ಎರಡು ಮೂರು ದಿನದಲ್ಲಿ ಟಿಕೆಟ್ ಕೊಳ್ಳುವವರು ಯಾರು? ತುರ್ತು ಆಫೀಸ್ ಕೆಲಸದವರು, ಮನೆಯಲ್ಲಿ ಸಾವು ನೋವು ಆದವರು, ಪರೀಕ್ಷೆ, ಸಂದರ್ಶನಕ್ಕೆ ಹೊರಟವರು. ಅವರು ಎಷ್ಟಾದರೂ ಕೊಡುತ್ತಾರೆಂದು ಕಂಪನಿಗೆ ಗೊತ್ತು. ಅದಕ್ಕೇ ಕೊನೆಯ ಸೀಟುಗಳನ್ನು ಮೇಲಿನ ಮೆಟ್ಟಿಲಿಗೆ ಕಾದಿಟ್ಟಿರುತ್ತದೆ. ಅಪರೂಪಕ್ಕೆ ಯಾರಿಗೋ ಅಗ್ಗಕ್ಕೆ ಸಿಕ್ಕಿರಬಹುದು, ಅದನ್ನು ನಂಬಿ ಕುಟುಂಬದ ಪ್ರವಾಸ ಯೋಜಿಸಬಾರದು.

ತುಂಬಾ ಮೊದಲೇ ಬುಕ್ ಮಾಡಿದರೆ ಯಾವಾಗಲೂ ಅಗ್ಗ ಎಂಬುದೂ ಪೂರ್ತಿ ನಿಜವಲ್ಲ. ಸಾಮಾನ್ಯ ದಿನಗಳಿಗೆ ಕೆಲವು ವಾರ ಮುಂಚೆ ನೋಡಲು ಶುರು ಮಾಡಿದರೆ ಸಾಕು. ದಸರಾ, ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ರಜೆಯ ದಿನಾಂಕಗಳು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಅವಕ್ಕೆ ಎರಡು ಮೂರು ತಿಂಗಳು ಮುಂಚೆಯೇ ದರದ ಮೇಲೆ ಕಣ್ಣಿಡಿ.

ಫಾರ್ವರ್ಡ್ 4: "ಉಡಾನ್ ಯೋಜನೆಯಲ್ಲಿ ಎಲ್ಲಿಗೆ ಹೋದರೂ 2,500 ರೂಪಾಯಿ"

ಉಡಾನ್ ನಿಜವಾದ ಯೋಜನೆ. ಸಣ್ಣ ಊರುಗಳಿಗೆ ವಿಮಾನ ಸೇವೆ ತರಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿತು, 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಮಿತಿ ಆರಂಭದಲ್ಲಿ ಹೇಳಿದ್ದು. ಅದು ಅನ್ವಯಿಸುವುದು ಯೋಜನೆಗೆ ಆಯ್ಕೆಯಾದ ಮಾರ್ಗಗಳಲ್ಲಿ, ನಿಗದಿತ ಅವಧಿಗೆ, ವಿಮಾನದ ಒಂದು ಭಾಗದ ಸೀಟುಗಳಿಗೆ ಮಾತ್ರ. ಬೆಂಗಳೂರು–ದೆಹಲಿಯಂಥ ದೊಡ್ಡ ಮಾರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಹುಡುಕುವುದು ಹೇಗೆ?

1. ಮೊದಲು ಹೋಲಿಕೆ ತಾಣ ನೋಡಿ. ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್‌ನಂಥ ತಾಣಗಳು ಹಲವು ಕಂಪನಿಗಳ ದರವನ್ನು ಒಂದೇ ಕಡೆ ತೋರಿಸಿ, ಕೊಳ್ಳಲು ಬೇರೆ ತಾಣಕ್ಕೆ ಕಳಿಸುತ್ತವೆ. ಮೇಕ್‌ಮೈಟ್ರಿಪ್, ಕ್ಲಿಯರ್‌ಟ್ರಿಪ್, ಯಾತ್ರಾ, ಇಕ್ಸಿಗೊದಂಥ ಪೋರ್ಟಲ್‌ಗಳು ತಾವೇ ಟಿಕೆಟ್ ಮಾರುತ್ತವೆ.

2. ಕ್ಯಾಲೆಂಡರ್ ತೆರೆಯಿರಿ. ಗೂಗಲ್ ಫ್ಲೈಟ್ಸ್‌ನಲ್ಲಿ ದಿನಾಂಕದ ಮೇಲೆ ಒತ್ತಿದರೆ ತಿಂಗಳಿನ ಪ್ರತಿ ದಿನದ ದರ ಕಾಣುತ್ತದೆ. ಒಂದೆರಡು ದಿನ ಹಿಂದೆ ಮುಂದೆ ಮಾಡುವುದೇ ಬಹುಪಾಲು ಜನರಿಗೆ ಸಿಗುವ ದೊಡ್ಡ ಉಳಿತಾಯ. ಮಗುವಿನ ಶಾಲೆ ಶುಕ್ರವಾರ ಮುಗಿದರೆ ಅಂದೇ ಸಂಜೆ ಹೊರಡುವ ಬದಲು ಶನಿವಾರ ಮಧ್ಯಾಹ್ನದ ದರ ನೋಡಿ.

3. ದರದ ಅಲರ್ಟ್ ಹಾಕಿ. ದರ ಏರಿದಾಗ, ಇಳಿದಾಗ ಇಮೇಲ್ ಬರುತ್ತದೆ. ದಿನಕ್ಕೆ ಹತ್ತು ಸಲ ನೋಡುವ ಚಿಂತೆ ತಪ್ಪುತ್ತದೆ.

4. ಕಂಪನಿಯ ಸ್ವಂತ ವೆಬ್‌ಸೈಟನ್ನೂ ನೋಡಿ. ಪೋರ್ಟಲ್‌ನಲ್ಲಿ ಕಂಡ ಅದೇ ವಿಮಾನದ ದರ ಇಲ್ಲಿ ಎಷ್ಟಿದೆ ಎಂದು ಹೋಲಿಸಿ. ವ್ಯತ್ಯಾಸ ನೂರಿನ್ನೂರು ರೂಪಾಯಿ ಮಾತ್ರ ಇದ್ದರೆ ನೇರವಾಗಿ ಕೊಳ್ಳುವುದೇ ಲೇಸು. ವಿಮಾನ ರದ್ದಾದರೆ, ಸಮಯ ಬದಲಾದರೆ ಮಧ್ಯೆ ಇನ್ನೊಬ್ಬರಿರುವುದಿಲ್ಲ.

5. ನಾಲ್ವರಿದ್ದರೆ ಒಬ್ಬರಿಗೂ ಹುಡುಕಿ ನೋಡಿ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಎರಡೇ ಸೀಟು ಉಳಿದಿವೆ ಎಂದುಕೊಳ್ಳಿ, ತಲಾ 4,200 ರೂಪಾಯಿ. ಮುಂದಿನ ಮೆಟ್ಟಿಲು 5,100. ನೀವು ಒಟ್ಟಿಗೆ ನಾಲ್ವರಿಗೆ ಹುಡುಕಿದರೆ ಬಹಳಷ್ಟು ವ್ಯವಸ್ಥೆಗಳು ನಾಲ್ಕೂ ಸೀಟು ಸಿಗುವ ಮೆಟ್ಟಿಲಿನ ದರವನ್ನೇ ತೋರಿಸುತ್ತವೆ. ಆಗ 20,400 ರೂಪಾಯಿ ಆಗುತ್ತದೆ. ಇಬ್ಬಿಬ್ಬರಾಗಿ ಬುಕ್ ಮಾಡಿದರೆ 8,400 ಮತ್ತು 10,200 ಸೇರಿ 18,600. ಉಳಿದದ್ದು 1,800.

ಹೀಗೆ ಒಡೆದು ಬುಕ್ ಮಾಡುವಾಗ ಒಂದು ಎಚ್ಚರಿಕೆ ಬೇಕು. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರ ಪಕ್ಕದ ಸೀಟು ಕೊಡಬೇಕು ಎಂದು ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ ಸೂಚಿಸಿದೆ. ಆದ್ದರಿಂದ ಪ್ರತಿ ಟಿಕೆಟ್‌ನಲ್ಲಿ ಒಬ್ಬರು ದೊಡ್ಡವರು, ಒಂದು ಮಗು ಇರುವಂತೆ ಹಂಚಿ. ಮಕ್ಕಳಿಬ್ಬರನ್ನೇ ಒಂದು ಪಿಎನ್‌ಆರ್‌ಗೆ ಹಾಕಬೇಡಿ. ವಯಸ್ಸಾದ ಅಜ್ಜ ಅಜ್ಜಿಯನ್ನೂ ಒಂಟಿ ಟಿಕೆಟ್‌ಗೆ ಬಿಡಬೇಡಿ. ವಿಮಾನ ರದ್ದಾದರೆ ಬೇರೆ ಬೇರೆ ಪಿಎನ್‌ಆರ್‌ನವರಿಗೆ ಬೇರೆ ಬೇರೆ ವಿಮಾನ ಸಿಗುವ ಸಾಧ್ಯತೆ ಇದೆ.

6. ವಿದ್ಯಾರ್ಥಿ, ಹಿರಿಯ ನಾಗರಿಕರ ದರ ಕೇಳಿ. ಹಲವು ಕಂಪನಿಗಳು ಇವನ್ನು ಕೊಡುತ್ತವೆ. ಗುರುತಿನ ಚೀಟಿ ವಿಮಾನ ನಿಲ್ದಾಣದಲ್ಲಿ ತೋರಿಸಬೇಕು. ಚೀಟಿ ಇಲ್ಲದೆ ಆ ದರಕ್ಕೆ ಬುಕ್ ಮಾಡಿದರೆ ವ್ಯತ್ಯಾಸದ ಹಣ ಕಟ್ಟುವುದಷ್ಟೇ ಅಲ್ಲ, ಪ್ರಯಾಣವೇ ನಿಲ್ಲಬಹುದು.

ದಕ್ಷಿಣ ಬೆಂಗಳೂರಿನವರ ನಿಜವಾದ ಲೆಕ್ಕ

2008ರ ಮೇ ತಿಂಗಳವರೆಗೆ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಜಯನಗರದವರು ಊಟ ಮಾಡಿ ಆರಾಮವಾಗಿ ಹೊರಡಬಹುದಿತ್ತು. ಈಗ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ನಮ್ಮ ಕಡೆಯಿಂದ ನಲವತ್ತು ಕಿ.ಮೀ. ಆಸುಪಾಸಿನ ದೂರ. ಜೆ.ಪಿ. ನಗರ, ಬನಶಂಕರಿಯವರು ಇಡೀ ಊರನ್ನೇ ದಾಟಬೇಕು. ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಸಿಕ್ಕಿಬಿದ್ದರೆ ಮುಗಿಯಿತು.

ಅದಕ್ಕೇ ಟಿಕೆಟ್ ಹೋಲಿಸುವಾಗ ಮನೆ ಬಾಗಿಲಿಂದ ಲೆಕ್ಕ ಹಾಕಿ. ಬೆಳಗಿನ ಜಾವ ಐದೂವರೆಯ ವಿಮಾನ ಹತ್ತು ಗಂಟೆಯದ್ದಕ್ಕಿಂತ 600 ರೂಪಾಯಿ ಅಗ್ಗ ಎಂದುಕೊಳ್ಳಿ. ಅದಕ್ಕೆ ರಾತ್ರಿ ಎರಡರ ಹೊತ್ತಿಗೇ ಮನೆ ಬಿಡಬೇಕು. ಆ ಹೊತ್ತಿಗೆ ಮೆಟ್ರೊ ಇರುವುದಿಲ್ಲ. ಕ್ಯಾಬ್ ದರ ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಒಬ್ಬರೇ ಹೋಗುವುದಾದರೆ ಉಳಿತಾಯ ಕ್ಯಾಬ್‌ನಲ್ಲೇ ಕರಗುತ್ತದೆ. ನಾಲ್ವರಿದ್ದರೆ 2,400 ರೂಪಾಯಿ ಉಳಿಯುತ್ತದೆ, ಕ್ಯಾಬ್ ಒಂದೇ ಸಾಕು, ರಸ್ತೆಯೂ ಖಾಲಿ. ಹಾಗಾಗಿ ಒಂಟಿ ಪ್ರಯಾಣಿಕರಿಗೂ ಕುಟುಂಬಕ್ಕೂ ಉತ್ತರ ಬೇರೆ.

ಒಬ್ಬರು, ಇಬ್ಬರು ಹೋಗುವುದಾದರೆ ಬಿಎಂಟಿಸಿಯ ವಾಯುವಜ್ರ ಬಸ್ ದೊಡ್ಡ ಉಳಿತಾಯ. ಬನಶಂಕರಿಯಿಂದ ನೇರ ಬಸ್ ಇದೆ. ದರ ಕ್ಯಾಬ್‌ನ ಸಣ್ಣ ಭಾಗ. ಶಕ್ತಿ ಯೋಜನೆಯ ಉಚಿತ ಪ್ರಯಾಣ ವಾಯುವಜ್ರಕ್ಕೆ ಅನ್ವಯಿಸುವುದಿಲ್ಲ, ಟಿಕೆಟ್ ತೆಗೆದುಕೊಳ್ಳಲೇಬೇಕು. ಹೊರಡುವ ಸಮಯವನ್ನು ಹಿಂದಿನ ದಿನವೇ 'ನಮ್ಮ ಬಿಎಂಟಿಸಿ' ಆ್ಯಪ್‌ನಲ್ಲಿ ನೋಡಿಕೊಳ್ಳಿ. ನಿಮ್ಮ ವಿಮಾನ ಟರ್ಮಿನಲ್ 1ರಿಂದಲೋ 2ರಿಂದಲೋ ಎಂಬುದನ್ನೂ ಟಿಕೆಟ್‌ನಲ್ಲಿ ನೋಡಿ.

ಹತ್ತಿರದ ಊರಿಗೆ ವಿಮಾನವೇ ಬೇಕೇ ಎಂಬುದನ್ನೂ ಯೋಚಿಸಿ. ಹುಬ್ಬಳ್ಳಿಗೆ ಹಾರಾಟ ಸುಮಾರು ಒಂದು ಗಂಟೆಯದು. ದೇವನಹಳ್ಳಿ ತಲುಪಲು ಎರಡು ಗಂಟೆ, ತಪಾಸಣೆಗೆ ಒಂದೂವರೆ ಗಂಟೆ, ಆ ಕಡೆ ಊರೊಳಗೆ ಹೋಗಲು ಅರ್ಧ ಗಂಟೆ ಸೇರಿಸಿದರೆ ಐದು ಗಂಟೆ ಆಯಿತು. 2023ರ ಜೂನ್‌ನಲ್ಲಿ ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ ನಿಲ್ದಾಣದಿಂದ ಹೊರಡುತ್ತದೆ. ಜಯನಗರ, ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ಮೆಜೆಸ್ಟಿಕ್. ಹೋಲಿಸಿ ನೋಡಿ.

ವಿದೇಶಕ್ಕೆ ಹೋಗುವವರಿಗೆ ಚೆನ್ನೈ, ಕೊಚ್ಚಿಯಿಂದ ದರ ಕಡಿಮೆ ಕಾಣಬಹುದು. ಗಲ್ಫ್‌ಗೆ ಹೋಗುವ ಕರಾವಳಿಯವರು ಮಂಗಳೂರು, ಕಣ್ಣೂರಿನ ದರವನ್ನೂ ನೋಡಬಹುದು. ಆದರೆ ಬೆಂಗಳೂರಿನಿಂದ ಚೆನ್ನೈಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಟಿಕೆಟ್ ಎಂದು ತೆಗೆದುಕೊಂಡರೆ, ಮೊದಲ ವಿಮಾನವೋ ರೈಲೋ ತಡವಾಗಿ ಎರಡನೆಯದು ತಪ್ಪಿದಾಗ ಆ ಹಣ ನಿಮ್ಮದೇ ನಷ್ಟ. ಒಂದೇ ಟಿಕೆಟ್‌ನಲ್ಲಿ ಎರಡೂ ಹಾರಾಟ ಇದ್ದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ.

ಹಣ ಕಟ್ಟುವ ಪುಟದಲ್ಲಿ ಕಣ್ಣು ತೆರೆದಿರಿ

ಮೊದಲ ಪುಟದಲ್ಲಿ ಕಂಡ ದರ, ಕೊನೆಯ ಪುಟದಲ್ಲಿ ಕೇಳುವ ಹಣ ಒಂದೇ ಆಗಿರುವುದು ಅಪರೂಪ. ಮಧ್ಯೆ ಸೇರಿಕೊಳ್ಳುವವು ಇವು:

• ಕನ್ವೀನಿಯೆನ್ಸ್ ಫೀ. ಬಹುತೇಕ ಕಡೆ ಪ್ರತಿ ಪ್ರಯಾಣಿಕರಿಗೆ, ಪ್ರತಿ ಹಾರಾಟಕ್ಕೆ ಲೆಕ್ಕ. ಟಿಕೆಟ್ ರದ್ದು ಮಾಡಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.
• ಸೀಟು ಆಯ್ಕೆ. ಹಣ ಕೊಟ್ಟು ಸೀಟು ಆರಿಸುವುದು ಕಡ್ಡಾಯವಲ್ಲ. ಆರಿಸದೆ ಮುಂದೆ ಹೋಗಲು 'ಸ್ಕಿಪ್' ಎಂಬ ಸಣ್ಣ ಅಕ್ಷರ ಎಲ್ಲೋ ಇರುತ್ತದೆ, ಹುಡುಕಿ. ವೆಬ್ ಚೆಕ್ ಇನ್ ವೇಳೆ ಸೀಟು ಸಿಗುತ್ತದೆ.
• ವಿಮೆ, ಊಟ, ದಾನ. ನೀವು ಕೇಳದೆಯೇ ಟಿಕ್ ಆಗಿದ್ದರೆ ತೆಗೆಯಿರಿ. ಗ್ರಾಹಕರಿಗೆ ತಿಳಿಯದಂತೆ ಬಿಲ್ಲಿಗೆ ಸೇರಿಸುವುದು, "ಎರಡೇ ಸೀಟು ಬಾಕಿ" ಎಂದು ಸುಳ್ಳು ಅವಸರ ಹುಟ್ಟಿಸುವುದು, ಇವೆಲ್ಲವನ್ನೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಕಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.
• ಬ್ಯಾಗು. ದೇಶದೊಳಗಿನ ಎಕಾನಮಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಚೆಕ್ ಇನ್ ಬ್ಯಾಗು, 7 ಕೆ.ಜಿ. ಕೈಚೀಲ. ಆದರೆ ತೀರಾ ಅಗ್ಗದ ಕೆಲವು ದರಗಳಲ್ಲಿ ಚೆಕ್ ಇನ್ ಬ್ಯಾಗೇ ಇರುವುದಿಲ್ಲ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಎಂದು ಅಮ್ಮ ಕಟ್ಟಿಕೊಟ್ಟದ್ದನ್ನು ಕೌಂಟರ್‌ನಲ್ಲಿ ತೂಗಿದಾಗ ಉಳಿಸಿದ್ದೆಲ್ಲ ಹೋಗುತ್ತದೆ.
• ಬ್ಯಾಂಕ್ ಆಫರ್. ಕನಿಷ್ಠ ಮೊತ್ತ, ವಾರದ ಇಂಥ ದಿನ, ಇಎಂಐಗೆ ಮಾತ್ರ ಎಂಬ ಷರತ್ತು ಓದಿ.

ತೆರಿಗೆಯ ವಿಷಯದಲ್ಲೂ ಒಂದು ಗೊಂದಲವಿದೆ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಿಂದ ವಿಮಾನ ಟಿಕೆಟ್ ಅಗ್ಗವಾಯಿತು ಎನ್ನುವುದು ತಪ್ಪು. ಎಕಾನಮಿಗೆ ಮೊದಲಿನಂತೆ 5% ಇದೆ. ಬಿಸಿನೆಸ್ ಕ್ಲಾಸ್‌ಗೆ 12%ರಿಂದ 18%ಕ್ಕೆ ಏರಿತು.

ಟಿಕೆಟ್ ತಪ್ಪಾದರೆ, ರದ್ದಾದರೆ ಏನು ಮಾಡಬೇಕು?

ಡಿಜಿಸಿಎ ನಿಯಮಗಳು ಪ್ರಯಾಣಿಕರಿಗೆ ಕೆಲವು ಹಕ್ಕು ಕೊಟ್ಟಿವೆ. 2016ರಲ್ಲಿ ಬಂದ ನಿಯಮದ ಪ್ರಕಾರ, ಬುಕ್ ಮಾಡಿದ 24 ಗಂಟೆಯೊಳಗೆ ಶುಲ್ಕವಿಲ್ಲದೆ ರದ್ದು ಮಾಡುವ, ಬದಲಿಸುವ ಅವಕಾಶವಿತ್ತು. ಪ್ರಯಾಣಕ್ಕೆ ಕನಿಷ್ಠ ಏಳು ದಿನ ಇರಬೇಕೆಂಬ ಷರತ್ತೂ ಇತ್ತು. ಈ ಅವಧಿ, ಷರತ್ತುಗಳು ಪರಿಷ್ಕರಣೆಯಾಗುತ್ತಿರುತ್ತವೆ, ಹಾಗಾಗಿ ಬುಕ್ ಮಾಡಿದ ದಿನವೇ ಕಂಪನಿಯ ರದ್ದತಿ ಪುಟ ಓದಿ. ಅದೇ ದಿನ ಟಿಕೆಟ್ ತೆರೆದು ಹೆಸರು, ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎಂಬುದನ್ನು ಗುರುತಿನ ಚೀಟಿಯ ಜೊತೆ ಹೋಲಿಸಿ. ಕಂಪನಿಯ ವೆಬ್‌ಸೈಟಿನಲ್ಲೇ ಕೊಂಡಿದ್ದರೆ ಹೆಸರಿನ ತಪ್ಪನ್ನು 24 ಗಂಟೆಯೊಳಗೆ ತಿಳಿಸಿ ಉಚಿತವಾಗಿ ಸರಿಪಡಿಸಿಕೊಳ್ಳಬಹುದು.

ಇನ್ನೊಂದು ಹಕ್ಕನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 'ನಾನ್ ರಿಫಂಡಬಲ್' ಟಿಕೆಟ್ ಆದರೂ, ಕೊನೆಗೆ ವಿಮಾನ ಹತ್ತದೇ ಇದ್ದರೂ, ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಬರಬೇಕು. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ತೀರಾ ಅಗ್ಗದ ಟಿಕೆಟ್‌ನಲ್ಲಿ ಈ ತೆರಿಗೆ, ಶುಲ್ಕದ ಪಾಲೇ ದೊಡ್ಡದಿರಬಹುದು. ಕೇಳಿ ಪಡೆಯಿರಿ. ಕಂಪನಿ ಸ್ಪಂದಿಸದಿದ್ದರೆ ಕೇಂದ್ರ ಸರ್ಕಾರದ 'ಏರ್‌ಸೇವಾ' ತಾಣದಲ್ಲಿ ದೂರು ದಾಖಲಿಸಬಹುದು.

ಎಲ್ಲಕ್ಕಿಂತ ದುಬಾರಿ ಟಿಕೆಟ್: ಮೋಸದ್ದು

ದರದಲ್ಲಿ ಎಚ್ಚರ ತಪ್ಪಿದರೆ ಸಾವಿರ, ಎರಡು ಸಾವಿರ ಹೋಗುತ್ತದೆ. ಇಲ್ಲಿ ಎಚ್ಚರ ತಪ್ಪಿದರೆ ಉಳಿತಾಯವೆಲ್ಲ ಹೋಗುತ್ತದೆ.

ಉಚಿತ ಟಿಕೆಟ್ ಲಿಂಕ್. ಹೆಸರಾಂತ ವಿಮಾನ ಸಂಸ್ಥೆಯ ಲೋಗೊ, ನಾಲ್ಕು ಸುಲಭ ಪ್ರಶ್ನೆ, "ಅಭಿನಂದನೆ, ನೀವು ಗೆದ್ದಿದ್ದೀರಿ", ಆಮೇಲೆ "20 ಜನರಿಗೆ ಕಳಿಸಿ". ಯಾವ ವಿಮಾನ ಸಂಸ್ಥೆಯೂ ಹೀಗೆ ಟಿಕೆಟ್ ಹಂಚುವುದಿಲ್ಲ. ಲಿಂಕ್‌ನ ವಿಳಾಸ ನೋಡಿ. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಇರುತ್ತದೆ, ಇಲ್ಲವೇ ಹೆಸರಿನ ಹಿಂದೆ ಮುಂದೆ ಅಡ್ಡಗೆರೆ ಹಾಕಿ ಬೇರೆ ಪದ ಸೇರಿಸಿರುತ್ತಾರೆ. ಟಿಕೆಟ್ ಎಂದು ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ.

ನಕಲಿ ಕಸ್ಟಮರ್ ಕೇರ್. ವಿಮಾನ ರದ್ದಾಗಿದೆ, ದುಡ್ಡು ವಾಪಸ್ ಬಂದಿಲ್ಲ. ಗಾಬರಿಯಲ್ಲಿ ಗೂಗಲ್‌ನಲ್ಲಿ ನಂಬರ್ ಹುಡುಕಿ ಮೊದಲು ಕಂಡದ್ದಕ್ಕೆ ಫೋನ್ ಮಾಡುತ್ತೇವೆ. ಆ ಕಡೆಯವರು ತುಂಬಾ ಮರ್ಯಾದೆಯಿಂದ ಮಾತಾಡಿ, ಒಂದು ಆ್ಯಪ್ ಹಾಕಿಸಿ, ನಿಮ್ಮ ಫೋನಿನ ಪರದೆಯನ್ನೇ ತಾವು ನೋಡುತ್ತಾರೆ. ಇಲ್ಲವೇ "ರಿಫಂಡ್ ಬರಬೇಕಾದರೆ ಯುಪಿಐ ಪಿನ್ ಹಾಕಿ" ಎನ್ನುತ್ತಾರೆ. ಒಂದು ಮಾತು ನೆನಪಿಡಿ: ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಸಹಾಯವಾಣಿ ನಂಬರನ್ನು ಟಿಕೆಟ್‌ನಿಂದ, ಕಂಪನಿಯ ಅಧಿಕೃತ ಆ್ಯಪ್‌ನಿಂದ ಮಾತ್ರ ತೆಗೆದುಕೊಳ್ಳಿ.

ವಾಟ್ಸ್‌ಆ್ಯಪ್ ಏಜೆಂಟ್. ಅರ್ಧ ದರಕ್ಕೆ ಟಿಕೆಟ್ ಎಂದು ಪಿಡಿಎಫ್ ಕಳಿಸುತ್ತಾರೆ. ಪಿಎನ್‌ಆರ್ ಮತ್ತು ಹೆಸರು ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ, ಟಿಕೆಟ್ 'ಕನ್ಫರ್ಮ್ಡ್' ಎಂದಿರಬೇಕು. ಅಷ್ಟೇ ಸಾಲದು. ಬುಕಿಂಗ್‌ನಲ್ಲಿ ಏಜೆಂಟ್‌ನ ನಂಬರ್, ಇಮೇಲ್ ಇದ್ದರೆ ನಿಮ್ಮ ಹಣ ಪಡೆದ ಮೇಲೆ ಅವನೇ ಟಿಕೆಟ್ ರದ್ದು ಮಾಡಿ ರಿಫಂಡ್ ಪಡೆಯಬಹುದು. ನಿಮಗೆ ಗೊತ್ತಾಗುವುದು ವಿಮಾನ ನಿಲ್ದಾಣದಲ್ಲಿ. ಪರಿಚಯದ, ಅಂಗಡಿ ಇರುವ, ರಸೀದಿ ಕೊಡುವ ಏಜೆಂಟರ ಹತ್ತಿರ ಮಾತ್ರ ಕೊಳ್ಳಿ. ನಿಮ್ಮ ನಂಬರ್, ಇಮೇಲ್ ಹಾಕಿಸಿ.

ಮೋಸ ಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲೂ ದೂರು ದಾಖಲಿಸಿ, ಬ್ಯಾಂಕಿಗೆ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ಕೈಬದಲಾಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ

ಅಗ್ಗದ ಟಿಕೆಟ್‌ಗೆ ಗುಟ್ಟಿನ ಗಳಿಗೆ ಇಲ್ಲ. ಹೋಗುವ ದಿನ ಒಂದೆರಡು ದಿನ ಬದಲಿಸಿ ನೋಡಿ. ಹಬ್ಬದ ಟಿಕೆಟ್ ಬೇಗ ನೋಡಿ. ಮನೆಯಿಂದ ಮನೆಗೆ ಒಟ್ಟು ಖರ್ಚು ಲೆಕ್ಕ ಹಾಕಿ. ಕೊನೆಯ ಪುಟದ ಮೊತ್ತ ಹೋಲಿಸಿ. ಬುಕ್ ಮಾಡಿದ ದಿನವೇ ಹೆಸರು, ದಿನಾಂಕ ಪರೀಕ್ಷಿಸಿ. ಉಚಿತ ಟಿಕೆಟ್ ಲಿಂಕ್ ಒತ್ತಬೇಡಿ, ಹಣ ಪಡೆಯಲು ಪಿನ್ ಹಾಕಬೇಡಿ. ಮೋಸವಾದರೆ 1930.

ಹಳೇ ಫಾರ್ವರ್ಡ್ ಕಳಿಸಿದವರು ನಿಮ್ಮ ಚಿಕ್ಕಪ್ಪನೋ ದೊಡ್ಡಮ್ಮನೋ ಆಗಿದ್ದರೆ ಗ್ರೂಪಿನಲ್ಲಿ ಎಲ್ಲರೆದುರು ತಪ್ಪು ಎನ್ನುವ ಬದಲು ಫೋನ್ ಮಾಡಿ ಹೇಳಿ. ಅವರು ಕಳಿಸಿದ್ದು ನಮ್ಮ ದುಡ್ಡು ಉಳಿಯಲಿ ಎಂದೇ. ಅವರ ದುಡ್ಡೂ ಉಳಿಯಲಿ.